ಸಿ ಶಾರ್ಪ್: ನ್ಯೂ ಕೀವರ್ಡ್ ಹಾಕಿದ್ಮೇಲೆ ವಾರ್ನಿಂಗ್ ಹೋಯ್ತು, ಆದ್ರೆ ಬೇಸ್ ಕ್ಲಾಸಿನ ಮೆಥಡ್ಡೇ ಓಡ್ತಿದೆ

ಪ್ರಶ್ನೆ:
ಜಾವಾದಿಂದ ಸಿ ಶಾರ್ಪ್‌ಗೆ ಈಗಷ್ಟೇ ಬಂದಿದೀನಿ. ರಿಪೋರ್ಟ್ ಅಂತ ಬೇಸ್ ಕ್ಲಾಸ್, ಅದ್ರಲ್ಲಿ ಪ್ರಿಂಟ್ ಅನ್ನೋ ವರ್ಚುವಲ್ (ಅಂದ್ರೆ ಮಗ ಕ್ಲಾಸ್ ಬದಲಾಯಿಸ್ಕೋಬಹುದಾದ) ಮೆಥಡ್. ಅದನ್ನ ಇನ್‌ಹೆರಿಟ್ ಮಾಡಿ ಪಿಡಿಎಫ್‌ರಿಪೋರ್ಟ್ ಬರ್ದು ನಂದೂ ಒಂದು ಪ್ರಿಂಟ್ ಇಟ್ರೆ ಸಿಎಸ್0114 ವಾರ್ನಿಂಗ್ ಬಂತು, ಹಳೇ ಮೆಥಡ್ ಹೈಡ್ ಆಗ್ತಿದೆ, ಓವರ್‌ರೈಡ್ ಹಾಕು ಇಲ್ಲಾಂದ್ರೆ ನ್ಯೂ ಹಾಕು ಅಂತ. ನ್ಯೂ ಹಾಕ್ದೆ, ವಾರ್ನಿಂಗ್ ಮಾಯ. ಆದ್ರೆ ರಿಪೋರ್ಟ್‌ಗಳ ಲಿಸ್ಟ್ ಮೇಲೆ ಲೂಪ್ ಓಡ್ಸಿ ಪ್ರಿಂಟ್ ಕರೆದ್ರೆ ಬೇಸ್ ಕ್ಲಾಸಿಂದೇ ಓಡುತ್ತೆ, ಪಿಡಿಎಫ್‌ರಿಪೋರ್ಟ್ ಟೈಪಿನ ವೇರಿಯಬಲ್ಲಿಂದ ಕರೆದ್ರೆ ಮಾತ್ರ ನಂದು. ಆಬ್ಜೆಕ್ಟ್ ಒಂದೇ ತಾನೆ??

ಉತ್ತರ:
ಆಬ್ಜೆಕ್ಟ್ ಒಂದೇ, ಮೆಥಡ್ ಎರಡು. ನ್ಯೂ ಅಂದ್ರೆ "ಇದಕ್ಕೂ ಅಪ್ಪನ ಪ್ರಿಂಟ್‌ಗೂ ಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ" ಅಂತ ಕಂಪೈಲರ್‌ಗೆ ಬರ್ಕೊಟ್ಟ ಹಾಗೆ, ಆಮೇಲೆ ಯಾವ್ದು ಓಡ್ಬೇಕು ಅನ್ನೋದು ವೇರಿಯಬಲ್ ಟೈಪ್ ನೋಡಿ ತೀರ್ಮಾನ ಆಗುತ್ತೆ, ನಿಮ್ ಲಿಸ್ಟ್ ರಿಪೋರ್ಟ್ ಟೈಪಿಂದು ಅದಕ್ಕೇ ಹಂಗೆ. ನ್ಯೂ ತೆಗ್ದು ಓವರ್‌ರೈಡ್ ಹಾಕಿ, ಆಗ ಅಪ್ಪನ ಪ್ರಿಂಟ್ ಜಾಗದಲ್ಲಿ ನಿಮ್ದೇ ಓಡುತ್ತೆ. ಎರಡೂ ಹಾಕ್ದೆ ಬಿಟ್ರೂ ಅದು ನ್ಯೂ ಥರಾನೇ ನಡ್ಕೊಳ್ಳುತ್ತೆ, ಜೊತೆಗೆ ವಾರ್ನಿಂಗ್ ಇರುತ್ತೆ ಅಷ್ಟೇ.

ಇನ್ನೊಂದು ಉತ್ತರ:
ಜಾವಾದವ್ರು ಎಲ್ರೂ ಇಲ್ಲಿ ಎಡವ್ತಾರೆ, ನಾನೂ ಬಿದ್ದಿದೀನಿ 😄 ಅಲ್ಲಿ ಮಾಮೂಲಿ ಮೆಥಡ್ ತಾನಾಗೇ ವರ್ಚುವಲ್, ಅದೇ ಹೆಸರು ಅದೇ ಪ್ಯಾರಾಮೀಟರ್ ಇಟ್ರೆ ಓವರ್‌ರೈಡ್ ಆಗೇ ಹೋಗುತ್ತೆ. ಇಲ್ಲಿ ಎರಡು ಕಡೆನೂ ಬಾಯಿ ಬಿಟ್ಟು ಹೇಳ್ಬೇಕು, ಬೇಸಲ್ಲಿ ವರ್ಚುವಲ್ ಅಂತ, ನಿಮ್ಮಲ್ಲಿ ಓವರ್‌ರೈಡ್ ಅಂತ. ಇದು ಸುಮ್ನೆ ಕಿರಿಕಿರಿ ಅಲ್ಲ, ಬೇಸ್ ಕ್ಲಾಸ್ ಬೇರೆ ಯಾರದೋ ಲೈಬ್ರರಿದು ಅಂತ ಇಟ್ಕೊಳ್ಳಿ, ಅವ್ರು ಮುಂದಿನ ವರ್ಷನ್ನಲ್ಲಿ ಸೇವ್ ಅಂತ ಒಂದು ಮೆಥಡ್ ಸೇರಿಸ್ತಾರೆ, ನಿಮ್ಮಲ್ಲಿ ಆಗ್ಲೇ ಒಂದು ಸೇವ್ ಇದೆ, ಅವ್ರ ಕೋಡ್ ನಿಮ್ದನ್ನ ಗೊತ್ತಿಲ್ದೆ ಕರ್ದ್ರೆ ಏನ್ ಗತಿ?

ಪ್ರಶ್ನೆ ಕೇಳಿದವರು:
ಓವರ್‌ರೈಡ್ ಹಾಕ್ದೆ, ಲೂಪ್ ಸರಿ ಹೋಯ್ತು, ಥ್ಯಾಂಕ್ಸ್! ಆದ್ರೆ ಇನ್ನೊಂದು ಕ್ಲಾಸಲ್ಲಿ ಸಿಎಸ್0108 ಇತ್ತು, ಅಲ್ಲೂ ಓವರ್‌ರೈಡ್ ಹಾಕಿದ್ರೆ ಸಿಎಸ್0506 ಅಂತ ಎರರ್ರೇ ಬಂತು 🤦

ಮೊದಲ ಉತ್ತರದವರು:
0108 ಅಂದ್ರೆ ಮೇಲಿನ ಮೆಥಡ್ ವರ್ಚುವಲ್ಲೇ ಅಲ್ಲ, ಓವರ್‌ರೈಡ್ ಮಾಡೋಕೆ ಬರಲ್ಲ. ಬೇಸ್ ಕ್ಲಾಸ್ ನಿಮ್ದೇ ಆದ್ರೆ ಅಲ್ಲಿ ವರ್ಚುವಲ್ ಸೇರ್ಸಿ. ಬೇರೆಯವ್ರದಾದ್ರೆ ನಿಮ್ ಮೆಥಡ್‌ಗೆ ಬೇರೆ ಹೆಸರಿಡಿ, ನ್ಯೂ ಕೊನೇಗೆ ನೋಡೋಣ. ಆಮೇಲೆ ಪ್ರಾಜೆಕ್ಟ್ ಫೈಲಲ್ಲಿ ವಾರ್ನಿಂಗ್ಸ್‌ಆ್ಯಸ್‌ಎರರ್ಸ್ (ವಾರ್ನಿಂಗನ್ನೇ ಎರರ್ ಮಾಡೋ ಸೆಟ್ಟಿಂಗ್) ಅನ್ನೋದಕ್ಕೆ 0108, 0114 ಈ ಎರಡು ನಂಬರ್ ಹಾಕ್ಬಿಡಿ, ಇವು ಬಂದ್ರೆ ಬಿಲ್ಡೇ ನಿಲ್ಲುತ್ತೆ.