40 ಗಾಬ್ಲಿನ್, 20 ಕಾವಲುಗಾರರು: ಒಂದು ರೌಂಡ್‌ಗೆ 45 ನಿಮಿಷ!

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ಡೈಸ್ ಹಾಕಿ ಆಡುವ ಕಥೆಯಾಟ) ಐದನೇ ಆವೃತ್ತಿ ಆಡಿಸುತ್ತೇನೆ, 2014ರ ನಿಯಮ. ಐದು ಜನ ಆಟಗಾರರು, ಎಲ್ಲರೂ 5ನೇ ಲೆವೆಲ್. ಕಳೆದ ಭಾನುವಾರ ಕಥೆಯ ಒಂದು ಹಳ್ಳಿಯ ಮೇಲೆ 40 ಗಾಬ್ಲಿನ್‌ಗಳು (ಕುಳ್ಳ ರಾಕ್ಷಸರು) ದಾಳಿ ಮಾಡಿದವು. ಹಳ್ಳಿಯ ಕಡೆ 20 ಕಾವಲುಗಾರರು. ಒಬ್ಬೊಬ್ಬರಿಗೂ ಬೇರೆ ಬೇರೆ ಡೈಸ್ ಹಾಕಿದೆ. ಒಂದೇ ರೌಂಡ್‌ಗೆ, ಅಂದರೆ ಎಲ್ಲರ ಸರದಿ ಒಮ್ಮೆ ಮುಗಿಯಲು, 45 ನಿಮಿಷ ಹಿಡಿಯಿತು. ಎರಡನೇ ರೌಂಡ್ ಹೊತ್ತಿಗೆ ಇಬ್ಬರು ಫೋನ್ ನೋಡುತ್ತಾ ಕೂತಿದ್ದರು. ಈ ಯುದ್ಧಕ್ಕಾಗಿ ಮೂರು ತಿಂಗಳಿಂದ ಕಥೆ ಕಟ್ಟಿಕೊಂಡು ಬಂದಿದ್ದೆ, ತುಂಬಾ ಬೇಜಾರಾಯಿತು. ಅರ್ಧಕ್ಕೇ ನಿಲ್ಲಿಸಿದ್ದೇವೆ. ಈ ಭಾನುವಾರ ಹೇಗೆ ಮುಂದುವರಿಸಲಿ?

ಉತ್ತರ 1:
ಬೇಜಾರು ಬೇಡ, ಸರಿ ಮಾಡಬಹುದು. ಕಾವಲುಗಾರರಿಗೂ ಗಾಬ್ಲಿನ್‌ಗಳಿಗೂ ನಡೆಯುವ ಹೊಡೆದಾಟಕ್ಕೆ ಡೈಸ್ ಮುಟ್ಟಲೇಬೇಡಿ. ಅದನ್ನು ಬಾಯಲ್ಲಿ ಹೇಳಿದರೆ ಸಾಕು. ಆಟಗಾರರು ನಿಂತ ಕಡೆ ಮಾತ್ರ ಲೆಕ್ಕ ಇರಲಿ.

ಅಲ್ಲಿಗೂ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ (ಆಟ ನಡೆಸುವವರ ನಿಯಮ ಪುಸ್ತಕ) ಗುಂಪಿನ ಲೆಕ್ಕ ಇದೆ. ಗಾಬ್ಲಿನ್ ದಾಳಿ ಮಾಡಿದಾಗ ಡೈಸ್‌ಗೆ 4 ಸೇರುತ್ತದೆ. ಎದುರಿಗಿರುವ ಪ್ಯಾಲಡಿನ್‌ಗೆ (ಧರ್ಮಯೋಧ ಪಾತ್ರ) ಎಸಿ, ಅಂದರೆ ಏಟು ತಗಲಲು ಮುಟ್ಟಬೇಕಾದ ಸಂಖ್ಯೆ, 18 ಇದ್ದರೆ ಡಿ20ಯಲ್ಲಿ (20 ಮುಖದ ಡೈಸ್) 14 ಬೀಳಬೇಕು. 13 ಅಥವಾ 14 ಬೇಕಾದಾಗ ಮೂವರು ದಾಳಿ ಮಾಡಿದರೆ ಒಂದು ಏಟು ತಗಲಿತು ಅಂತ ಲೆಕ್ಕ. 12 ಗಾಬ್ಲಿನ್‌ಗಳು ಬಾಣ ಬಿಟ್ಟವು ಅನ್ನಿ: 4 ಏಟು, ಏಟಿಗೆ ಸರಾಸರಿ 5, ಒಟ್ಟು 20 ಡ್ಯಾಮೇಜ್. ಒಂದು ಡೈಸೂ ಉರುಳಲಿಲ್ಲ! ಎಸಿ 16 ಇದ್ದವರ ಮೇಲೆ 12 ಬೀಳಬೇಕು, ಆಗ ಇಬ್ಬರಿಗೆ ಒಂದು ಏಟು. ಪ್ರತಿ ಆಟಗಾರನ ಹೆಸರಿನ ಪಕ್ಕ ಈ ಸಂಖ್ಯೆಯನ್ನು ಚೀಟಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ.

ಎಚ್‌ಪಿಯನ್ನೂ (ಉಳಿದ ಪ್ರಾಣಶಕ್ತಿಯ ಅಂಕ) ಬರೆಯುತ್ತಾ ಕೂರಬೇಡಿ. ಗಾಬ್ಲಿನ್‌ಗೆ ಇರುವುದೇ 7. ಒಂದೇ ಏಟಿಗೆ 7 ಅಥವಾ ಜಾಸ್ತಿ ಡ್ಯಾಮೇಜ್ ಬಂದರೆ ಸತ್ತಿತು. ಬರದಿದ್ದರೆ ಟೇಬಲ್ ಮೇಲಿನ ಅದರ ಗೊಂಬೆಯ ಮೇಲೊಂದು ಗುರುತು ಇಡಿ, ಎರಡನೇ ಏಟಿಗೆ ಸತ್ತಿತು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಗುಂಪಾಗಿ ಎಣಿಸುವುದು ಈ ಆಟದ ಬೇರಿನಲ್ಲೇ ಇದೆ. 1974ರ ಡಿ ಅಂಡ್ ಡಿ ಬೆಳೆದದ್ದು 1971ರ ಚೈನ್‌ಮೇಲ್ ಎಂಬ ಯುದ್ಧದ ಆಟದಿಂದ. ದೊಡ್ಡ ಕಾಳಗದಲ್ಲಿ ಅಲ್ಲಿ ಒಂದು ಗೊಂಬೆ ಅಂದರೆ 20 ಸೈನಿಕರು.

ನಾನು ಸೇರಿಸುವುದು ಒಂದು: 40 ಗಾಬ್ಲಿನ್‌ಗಳೂ ಸಾಯುವವರೆಗೆ ಯಾಕೆ ಹೋರಾಡಬೇಕು? 1981ರ ಬೇಸಿಕ್ ಆವೃತ್ತಿಯಲ್ಲಿ ಮೊರೇಲ್ (ಧೈರ್ಯದ ಅಂಕ) ಅಂತ ಒಂದು ನಿಯಮ ಇತ್ತು. ಗಾಬ್ಲಿನ್‌ಗಳ ಮೊರೇಲ್ 7. ಅರ್ಧ ಗುಂಪು ಬಿದ್ದಾಗ ಎರಡು ಡಿ6 (6 ಮುಖದ ಡೈಸ್) ಹಾಕಿ, ಮೊತ್ತ 7ಕ್ಕಿಂತ ಜಾಸ್ತಿ ಬಂದರೆ ಓಡುತ್ತವೆ. ನನ್ನ ಟೇಬಲ್‌ನಲ್ಲಿ ಯುದ್ಧದ ರುಚಿ ಬದಲಾಗಿದ್ದು ಇದರಿಂದಲೇ. ಆಟಗಾರರು ಕೊಲ್ಲುವುದನ್ನು ಬಿಟ್ಟು ಹೆದರಿಸುವ ದಾರಿ ಹುಡುಕತೊಡಗಿದರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಮ್ಮ ವಿಝರ್ಡ್ (ಮಂತ್ರವಾದಿ ಪಾತ್ರ) ಹತ್ತಿರ ಫೈರ್‌ಬಾಲ್ ಎಂಬ ಬೆಂಕಿ ಮಂತ್ರ ಇದೆ. ಗುಂಪಾಗಿ ನಿಲ್ಲಿಸಿದರೆ ಒಂದೇ ಏಟಿಗೆ ಎಲ್ಲಾ ಮುಗಿದುಹೋಗುತ್ತವೆ, ಅಲ್ವಾ?

ಉತ್ತರ 1:
ಗ್ರಿಡ್ (ಚೌಕಗಳ ನಕ್ಷೆ) ಇಲ್ಲದೆ ಆಡಿಸಿದರೆ ಅದೇ ಗೈಡ್‌ನಲ್ಲಿ ಅಳತೆ ಇದೆ. ಫೈರ್‌ಬಾಲ್‌ನ ರೇಡಿಯಸ್ 20 ಅಡಿ. ಅದನ್ನು 5ರಿಂದ ಭಾಗಿಸಿ, ಸುಮಾರು 4 ಜನ ಸಿಗುತ್ತಾರೆ. ಒತ್ತೊತ್ತಾಗಿ ನಿಂತಿದ್ದರೆ ಜಾಸ್ತಿ ಕೊಡಿ. ಬಾಗಿಲಲ್ಲಿ ನುಗ್ಗುವ ಗುಂಪಿಗೆ ನಾನಾದರೆ 10 ಕೊಡುತ್ತೇನೆ. 5ನೇ ಲೆವೆಲ್‌ನಲ್ಲಿ ವಿಝರ್ಡ್‌ಗೆ ಫೈರ್‌ಬಾಲ್‌ಗೆ ಬೇಕಾದ ಮೂರನೇ ಲೆವೆಲ್ ಸ್ಲಾಟ್ (ಮಂತ್ರ ಹಾಕುವ ಅವಕಾಶ) ಇರುವುದು ಎರಡೇ. ಅವು ಖರ್ಚಾಗುವ ಹೊತ್ತಿಗೆ ಉಗ್ರಾಣದ ಕಡೆಯಿಂದ ಇನ್ನೊಂದು ಗುಂಪು ಬರಲಿ.