ಸಹಾಯ ಬೇಕು: ಹೊಕ್ಕುಳಬಳ್ಳಿ ರಕ್ತದ ರಿಪೋರ್ಟ್ ಇಲ್ಲದೆ ಹೆರಿಗೆ ಸಮಯದ ಲೋಪ ತೋರಿಸಬಹುದಾ?

ಮಗುವಿಗೆ 14 ತಿಂಗಳು, ಹುಟ್ಟಿದ್ದು 39ನೇ ವಾರಕ್ಕೆ. ಕೈಕಾಲು ಬಿಗಿತ, ಆಸರೆ ಇಲ್ಲದೆ ಕೂರಲ್ಲ. ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಬರೋ ಚಲನೆಯ ತೊಂದರೆ) ಅಂತ ಖಚಿತವಾಗಿದೆ. ಫಿಸಿಯೋಥೆರಪಿ ನಡೀತಿದೆ, ಪ್ರಶ್ನೆ ಅದರ ಬಗ್ಗೆ ಅಲ್ಲ.

ಕೇಸ್ ಶೀಟ್ ಪೂರ್ತಿ ತರಿಸಿ ನೋಡಿದ್ದಾಯ್ತು. ಆಪ್ಗಾರ್ (ಹುಟ್ಟಿದ ಕೂಡಲೇ ಮಗುವಿನ ಸ್ಥಿತಿ ನೋಡಿ 10ಕ್ಕೆ ಕೊಡೋ ಅಂಕ) 5ನೇ ನಿಮಿಷಕ್ಕೆ 3, 10ನೇ ನಿಮಿಷಕ್ಕೆ 4. ಮೊದಲ ದಿನವೇ ಫಿಟ್ಸ್. ಎಂಆರ್‌ಐಯಲ್ಲಿ ಮೆದುಳಿನ ಒಳಭಾಗಗಳಾದ ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್ ಎರಡೂ ಬದಿ ಹಾನಿ. ತುಂಬು ತಿಂಗಳ ಮಗುವಿಗೆ ಹಠಾತ್ತಾಗಿ ಆಮ್ಲಜನಕ ನಿಂತಾಗ ಕಾಣೋ ನಮೂನೆ ಇದು. ಆದ್ರೆ ಸ್ಕ್ಯಾನ್ ಆಗಿದ್ದು ವರ್ಷ ತುಂಬಿದ ಮೇಲೆ, ಅದೊಂದರಿಂದಲೇ ಹಾನಿ ಯಾವಾಗ ಆಯ್ತು ಅಂತ ಹೇಳೋಕಾಗಲ್ಲ. ಸೆರೆಬ್ರಲ್ ಪಾಲ್ಸಿ ಅಂದ್ರೆಲ್ಲ ಹೆರಿಗೆಯ ತಪ್ಪಲ್ಲ ಅನ್ನೋದೂ ಗೊತ್ತು. ಅದಕ್ಕೇ ಜೆನೆಟಿಕ್, ಮೆಟಬಾಲಿಕ್ ಟೆಸ್ಟ್ ಮಾಡಿಸಿದ್ದು, ನಾರ್ಮಲ್.

ಸಿಕ್ಕಿಕೊಂಡಿರೋದು ಇಲ್ಲಿ. ತಜ್ಞರು ಕೇಳೋದು ಹೊಕ್ಕುಳಬಳ್ಳಿ ಅಪಧಮನಿಯ ರಕ್ತದ ಪಿಎಚ್ (7.0ಕ್ಕಿಂತ ಕಡಿಮೆ) ಮತ್ತು ಬೇಸ್ ಡೆಫಿಸಿಟ್ (12 ಅಥವಾ ಹೆಚ್ಚು); ಎರಡೂ ರಕ್ತದಲ್ಲಿ ಆಮ್ಲ ಎಷ್ಟು ಹೆಚ್ಚಿದೆ ಅಂತ ತೋರಿಸೋ ಅಳತೆ. ಅದನ್ನ ತೆಗೆದೇ ಇಲ್ಲ. ಇರೋದು ಹುಟ್ಟಿ 50 ನಿಮಿಷಕ್ಕೆ ತೆಗೆದ ಮಗುವಿನ ರಕ್ತದ್ದು: ಪಿಎಚ್ 6.96, ಬೇಸ್ ಡೆಫಿಸಿಟ್ 17. ಸಿಟಿಜಿ ಪಟ್ಟಿಯೂ (ಹೆರಿಗೆ ವೇಳೆ ಮಗುವಿನ ಹೃದಯಬಡಿತ, ಗರ್ಭಕೋಶದ ಸಂಕೋಚನ ದಾಖಲಿಸೋ ಕಾಗದ) ಫೈಲಲ್ಲಿಲ್ಲ, ‘ಹೃದಯಬಡಿತ ಸರಿ ಇದೆ’ ಅಂತ ಒಂದೇ ಸಾಲು!

ಈ 50ನೇ ನಿಮಿಷದ ರಿಪೋರ್ಟನ್ನ ತಜ್ಞರು ಹೊಕ್ಕುಳಬಳ್ಳಿ ರಿಪೋರ್ಟ್ ಬದಲಿಗೆ ಒಪ್ತಾರಾ, ಇಲ್ಲ ಹುಟ್ಟಿದ ಮೇಲೆ ಉಸಿರು ತಡವಾಗಿದ್ದಕ್ಕೆ ಹೀಗಾಗಿದೆ ಅಂತ ತಳ್ಳಿಹಾಕ್ತಾರಾ? ಸಿಟಿಜಿ ಪಟ್ಟಿ ಇಲ್ಲದಾಗ ಇನ್ಯಾವ ದಾಖಲೆ ಕೇಳಬೇಕು?