18 ಮೆಟ್ಟಿಲು, ಮೊಣಕಾಲುದ್ದ ನೀರು
(ಬೆಳಗಾವಿಯ ಒಂದು ಬಡಾವಣೆಯ ಗುಂಪಿನ ಸಂದೇಶಗಳು)

ಮನೆ 14, ಬೆಳಿಗ್ಗೆ 5:52
ಎದ್ದವರು ಪೂರ್ತಿ ಓದಿ. ನಿನ್ನೆ ರಾತ್ರಿ 1 ಗಂಟೆಗೆ ನಮ್ಮ ಅವ್ವನಿಗೆ ಉಸಿರು ಕಟ್ಟಿತು. ಆಟೋ ಬಂತು. ರೈಲು ಹಳಿ ಕೆಳಗಿನ ಅಂಡರ್‌ಪಾಸ್ ಬಾಯಿಗೆ ಬಂದು ನಿಂತುಬಿಟ್ಟಿತು. ಒಳಗೆ ಮೊಣಕಾಲುದ್ದ ನೀರು. ಇಂಜಿನ್‌ಗೆ ನೀರು ಹೊಕ್ಕರೆ ನಡುವೆಯೇ ಸಿಕ್ಕಿಬೀಳುತ್ತೇವೆ ಅಕ್ಕಾ ಅಂದ. ಅವನದೇನೂ ತಪ್ಪಿಲ್ಲ. ಕಪಿಲೇಶ್ವರ ಬ್ರಿಜ್ ಸುತ್ತಿ ಹೋಗುವಷ್ಟು ಹೊತ್ತು ಅವ್ವ ತಡೆಯುವ ಹಾಗಿರಲಿಲ್ಲ. ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಕೂರಿಸಿದೆವು. ನಾನು, ತಮ್ಮ, ಆಟೋದವನು. 18 ಮೆಟ್ಟಿಲು ಇಳಿದು, ಕಾಲುದಾರಿ ದಾಟಿ, ಆಚೆ 18 ಹತ್ತಿದೆವು. ಒಂದು ಲೈಟೂ ಇಲ್ಲ. 11ನೇ ಮೆಟ್ಟಿಲಿನ ಅಂಚು ಒಡೆದಿದೆ, ನಿಮಗೆಲ್ಲ ಗೊತ್ತು. ಅಲ್ಲೇ ತಮ್ಮನ ಕಾಲು ಜಾರಿತು. ಕುರ್ಚಿ ವಾಲಿತು. ಅವ್ವ ನನ್ನ ಜಡೆ ಹಿಡಿದುಕೊಂಡಳು. ಇನ್ನೂ ತಲೆ ನೋಯುತ್ತಿದೆ.
ಈಗ ಆಕ್ಸಿಜನ್ ಹಾಕಿದ್ದಾರೆ. ಗಾಬರಿ ಬೇಡ ಅಂದಿದ್ದಾರೆ ಡಾಕ್ಟರ್. ಆದರೆ ಈ ಸಲ ನಾನು ಸುಮ್ನೆ ಬಿಡುವುದಿಲ್ಲ.

ಮನೆ 22, 6:10
ಅಯ್ಯೋ ದೇವರೇ. ನಮ್ಮನ್ನು ಎಬ್ಬಿಸಬಾರದಿತ್ತಾ ತಂಗಿ? ಆಸ್ಪತ್ರೆಗೆ ಚಹಾ, ಉಪ್ಪಿಟ್ಟು ಕಳಿಸುತ್ತೇನೆ.

ಮನೆ 9, 6:14
🌹 ಶುಭೋದಯ 🌹 ನಗು ಹಂಚಿ, ಆರೋಗ್ಯ ಹೆಚ್ಚಿಸಿ

ಮನೆ 22, 6:15
ಕಾಕಾ, ಮೇಲಿನದನ್ನು ಓದಿ ಸ್ವಲ್ಪ.

ಮನೆ 31, 6:40
ನಾನು ಮೊದಲೇ ಹೇಳಿದ್ದೆ. ರೈಲ್ವೆ ಗೇಟ್ ಮುಚ್ಚುವಾಗ ಸಹಿ ಹಾಕಿದವರು ಯಾರು? ಹಳೆಯ ಕಮಿಟಿ. ನಾನೊಬ್ಬನೇ ಬೇಡ ಅಂದವನು. ಈಗ ಅನುಭವಿಸಿ.

ಮನೆ 40, 6:48
ಸರ್, ಗೇಟ್ ಇದ್ದಾಗ ದಿನಾ ಅರ್ಧ ಗಂಟೆ ನಿಲ್ಲುತ್ತಿದ್ದೆವು. ಮಕ್ಕಳ ಸ್ಕೂಲ್ ತಪ್ಪುತ್ತಿತ್ತು. ಅಂಡರ್‌ಪಾಸ್ ಬೇಕು ಅಂತ ನೀವೂ ಮೆರವಣಿಗೆಯಲ್ಲಿ ಇದ್ದಿರಿ.

ಮನೆ 31, 6:50
ನಾನು ಕೇಳಿದ್ದು ಮೇಲ್ಸೇತುವೆ. ಈ ಡಬ್ಬಿಯಂಥ ಅಂಡರ್‌ಪಾಸ್ ಅಲ್ಲ. ಇನ್ನೊಂದು ವಿಷಯ. ನೀರು ನಿಲ್ಲುವುದು 5ನೇ ಕ್ರಾಸ್‌ನವರ ದೆಸೆಯಿಂದ. ಮನೆ ಕಟ್ಟುವಾಗ ಗಟಾರದ ಮೇಲೆ ಪಾರ್ಕಿಂಗ್ ಮಾಡಿಕೊಂಡರು.

ಮನೆ 53, 6:58
5ನೇ ಕ್ರಾಸ್‌ನಲ್ಲಿ 11 ಮನೆ ಇವೆ. ಎಲ್ಲರಿಗೂ ಅನ್ನಬೇಡಿ ಸರ್. ನಿಮ್ಮ ಮನೆ ಮುಂದಿನ ಜಲ್ಲಿ ರಾಶಿ ಯಾರದು?

ಮನೆ 31, 6:59
ಅದು ತಾತ್ಕಾಲಿಕ.

ಮನೆ 53, 7:01
ಎರಡು ಮಳೆಗಾಲದಿಂದ ತಾತ್ಕಾಲಿಕ.

ಕಿರಾಣಿ ಅಂಗಡಿ, 7:05
ಅಂಡರ್‌ಪಾಸ್‌ನಲ್ಲಿ ದೋಣಿ ಬಿಡೋಣ, ತಲೆಗೆ 10 ರೂಪಾಯಿ 😄

ಮನೆ 22, 7:06
ಅಣ್ಣಾ, ಇವತ್ತು ಬೇಡ.

ಕಿರಾಣಿ ಅಂಗಡಿ, 7:09
ತಪ್ಪಾಯ್ತು ಅಕ್ಕಾ. ಅಮ್ಮನಿಗೆ ಏನು ಬೇಕಾದರೂ ಹೇಳಿ, ತಂದು ಕೊಡುತ್ತೇನೆ.

ಮನೆ 9, 8:30
ಕಳುಹಿಸಿದ್ದು: ನಿಮಗೆ ಗೊತ್ತೇ? ಜಗತ್ತಿನ ಮೊದಲ ನೆಲದಡಿಯ ರೈಲು 1863ರಲ್ಲಿ ಲಂಡನ್‌ನಲ್ಲಿ ಓಡಿತು. ಕಲ್ಲಿದ್ದಲ ಇಂಜಿನ್, ಸುರಂಗದ ತುಂಬ ಹೊಗೆ! ಭಾರತದಲ್ಲಿ ಮೊದಲು ಕೋಲ್ಕತ್ತ, 1984. ಹತ್ತು ಜನರಿಗೆ ಕಳಿಸಿ.

ಮನೆ 40, 8:33
ಕಾಕಾ, ಇದಕ್ಕೂ ನಮ್ಮ ಅಂಡರ್‌ಪಾಸ್‌ಗೂ ಏನು ಸಂಬಂಧ?

ಮನೆ 14, 11:20
ಸಂಬಂಧ ಇದೆ. ಕಾಕಾ ಕಳಿಸಿದ್ದು ಒಳ್ಳೆಯದೇ ಆಯಿತು. ಅವ್ವ ಮಲಗಿದ್ದಾಳೆ, ಸ್ವಲ್ಪ ಬರೆಯುತ್ತೇನೆ.
ಹೋದ ವರ್ಷ ಅವ್ವನ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಿದ್ದೆವು. ವಾಪಸ್ ಬರುವಾಗ ಗಾಲಿಕುರ್ಚಿ ಸಮೇತ ಮೆಜೆಸ್ಟಿಕ್ ಮೆಟ್ರೋ. ನೆಲದ ಕೆಳಗೆ ಹೋಗಬೇಕು ಅಂದಾಗ ನನ್ನ ಎದೆ ಹೊಡೆದುಕೊಂಡಿತು, ನಮ್ಮ 18 ಮೆಟ್ಟಿಲು ನೆನಪಾಗಿ. ಅಲ್ಲಿ ಲಿಫ್ಟ್ ಇತ್ತು. ಗುಂಡಿ ಗಾಲಿಕುರ್ಚಿಯಲ್ಲಿ ಕೂತವರ ಕೈಗೆ ಸಿಗುವ ಎತ್ತರದಲ್ಲಿತ್ತು. ಅವ್ವ ತಾನೇ ಒತ್ತಿದಳು. ಟಿಕೆಟ್ ಗೇಟ್‌ಗಳಲ್ಲಿ ಒಂದು ಅಗಲದ್ದು. ನೆಲದ ಮೇಲೆ ಹಳದಿ ಪಟ್ಟಿ, ಅದರಲ್ಲಿ ಉದ್ದ ಗೆರೆ ಇದ್ದರೆ ಮುಂದೆ ನಡೆಯಿರಿ, ಗುಂಡು ಚುಕ್ಕಿ ಇದ್ದರೆ ನಿಲ್ಲಿ ಅಂತ. ಕಣ್ಣು ಕಾಣದವರು ಕಾಲಲ್ಲೇ ಓದಿಕೊಳ್ಳುತ್ತಾರೆ. ಅವ್ವ ಚಪ್ಪಲಿ ಬಿಚ್ಚಿ ಆ ಚುಕ್ಕಿಗಳನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ರೈಲು ಬಂದಾಗ ಪ್ಲಾಟ್‌ಫಾರ್ಮ್, ಬೋಗಿ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟ. ಯಾರೂ ಎತ್ತಲಿಲ್ಲ. ನನ್ನನ್ನು ಮೂಟೆ ಹಾಗೆ ಹೊರಲಿಲ್ಲ ಅಂತ ಊರಿಗೆ ಬಂದ ಮೇಲೂ ಹೇಳುತ್ತಿದ್ದಳು.

ಮನೆ 31, 11:31
ಬೆಂಗಳೂರಿಗೆ ಕೋಟಿ ಕೋಟಿ ಸುರಿಯುತ್ತಾರೆ. ನಮ್ಮ ಬೆಳಗಾವಿಗೆ ಏನಿದೆ? ಹೋಲಿಕೆಯೇ ತಪ್ಪು.

ಮನೆ 27, 11:45
ಸರ್, ನನ್ನ ಮಗ ಅಲ್ಲೇ ಇದ್ದಾನೆ, ಆ ಮೆಟ್ರೋ ಕೆಲಸವನ್ನು ಕಣ್ಣಾರೆ ನೋಡಿದ್ದೇನೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಹಳೆಯ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಅದರ ಮಗ್ಗುಲಲ್ಲೇ ಭೂಮಿ ಅಗೆದು ಸ್ಟೇಷನ್ ಮಾಡಿದರು. ಸುರಂಗ ಕೊರೆಯುವ ಯಂತ್ರಗಳಿಗೆ ಹೆಲೆನ್, ಮಾರ್ಗರೀಟಾ, ಕಾವೇರಿ, ಕೃಷ್ಣಾ, ಗೋದಾವರಿ ಅಂತ ಹೆಸರಿಟ್ಟಿದ್ದರು. ಒಂದು ಕಡೆ ಗಟ್ಟಿ ಬಂಡೆ, ಇನ್ನೊಂದು ಕಡೆ ಸಡಿಲ ಮಣ್ಣು. ಯಂತ್ರ ಸಿಕ್ಕಿಕೊಂಡು ತಿಂಗಳುಗಟ್ಟಲೆ ನಿಂತದ್ದೂ ಇದೆ. 2016ರ ಏಪ್ರಿಲ್‌ನಲ್ಲಿ ನೆಲದಡಿ ರೈಲು ಓಡಿತು, ದಕ್ಷಿಣ ಭಾರತದಲ್ಲೇ ಮೊದಲು. ಮರುವರ್ಷ ಜೂನ್‌ನಲ್ಲಿ ಮೆಟ್ರೋದ ಇನ್ನೊಂದು ದಾರಿ, ಹಸಿರು ಮಾರ್ಗವೂ ಬಂದು ಅಲ್ಲೇ ಸೇರಿತು. ಕೆರೆ ಇದ್ದ ಜಾಗದಲ್ಲಿ ಅಷ್ಟು ಆಳ ಇಳಿದು ಕಾಲು ಒದ್ದೆಯಾಗದಂತೆ ಮಾಡಬಹುದಾದರೆ ನಮ್ಮ ಪುಟ್ಟ ಅಂಡರ್‌ಪಾಸ್ ಬಾಕ್ಸ್‌ಗೆ ಒಂದು ಪಂಪ್ ಇಡಲು ಆಗುವುದಿಲ್ಲವಾ?

ಮನೆ 14, 11:52
ಮಾಮಾ, ಮೆಜೆಸ್ಟಿಕ್ ದಾಟಿದರೆ ಮುಂದಿನ ಸ್ಟೇಷನ್‌ಗೆ ಯಾರ ಹೆಸರು ಹೇಳಿ? ಸಂಗೊಳ್ಳಿ ರಾಯಣ್ಣ. ನಮ್ಮ ಬೈಲಹೊಂಗಲ ಸೀಮೆಯವನು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು. ಅವನ ಹೆಸರಿನ ಸ್ಟೇಷನ್‌ನಲ್ಲಿ ನಮ್ಮ ಅವ್ವ ರಾಣಿ ಹಾಗೆ ಕೂತು ಹೋದಳು. ಅವನ ಜಿಲ್ಲೆಯಲ್ಲಿ ಕುರ್ಚಿ ಸಮೇತ ಹೊರಬೇಕಾಯಿತು. ನನಗೆ ಅಳು ಬಂದದ್ದು ಅದಕ್ಕೇ.

ಮನೆ 22, 11:54
🙏🙏

ಮನೆ 31, 12:05
ಭಾವನೆ ಬೇರೆ, ಕೆಲಸ ಬೇರೆ. ಹಳಿ ಕೆಳಗಿನ ಬಾಕ್ಸ್ ಒಬ್ಬರದು, ಆಚೆ ಈಚೆ ರಸ್ತೆ ಇನ್ನೊಬ್ಬರದು. ಇವರನ್ನು ಕೇಳಿದರೆ ಅವರು, ಅವರನ್ನು ಕೇಳಿದರೆ ಇವರು. ನಾನು 4 ಪತ್ರ ಬರೆದಿದ್ದೇನೆ.

ಮನೆ 14, 12:11
ಹಾಗಾದರೆ ಇಬ್ಬರಿಗೂ ಒಂದೇ ಅರ್ಜಿ ಕೊಡೋಣ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು ಇದೆ. ಸಾರ್ವಜನಿಕ ಜಾಗಕ್ಕೆ ಎಲ್ಲರೂ ಹೋಗಿ ಬರುವ ಹಾಗಿರಬೇಕು ಅನ್ನುತ್ತದೆ ಅದು. ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅರ್ಜಿಯಲ್ಲಿ ಮೂರೇ ಮಾತು ಸಾಕು. ಇಳಿಜಾರು ದಾರಿ, ಲೈಟು, ನೀರೆತ್ತುವ ಪಂಪ್.

ಮನೆ 31, 12:15
ಇಳಿಜಾರಿಗೆ ಜಾಗ ಎಲ್ಲಿದೆ? ಲೆಕ್ಕ ಗೊತ್ತಿದೆಯಾ?

ಮನೆ 27, 12:24
ನಾನು ಹಾಕಿದೆ. ಒಂದು ಅಡಿ ಇಳಿಯಲು 12 ಅಡಿ ಉದ್ದ ಬೇಕು. ಮೆಟ್ಟಿಲು 18, ಒಂದೊಂದು ಅರ್ಧ ಅಡಿ. ಅಂದರೆ 9 ಅಡಿ ಇಳಿತ, 108 ಅಡಿ ಇಳಿಜಾರು. ನಡುನಡುವೆ ನಿಲ್ಲಲು ಸಮತಟ್ಟು ಜಾಗ ಬೇರೆ. ಒಂದೇ ಸಾಲಿನಲ್ಲಿ ಆಗುವುದಿಲ್ಲ, ನಿಜ. ಹೋಗಿ ತಿರುಗಿ ಬರುವ ಹಾಗೆ ಮಾಡಿದರೆ ಹಳೆಯ ಗೇಟ್‌ಮನ್ ಕೋಣೆಯ ಜಾಗದಲ್ಲಿ ಆಗುತ್ತದೆ ಅನಿಸುತ್ತದೆ. ಅಳೆಯಬೇಕು.

ಮನೆ 53, 12:30
ಗೇಟ್‌ಮನ್ ಕೋಣೆ ಜಾಗದಲ್ಲಿ ಈಗ ನಮ್ಮ ಗಣಪತಿ ಮಂಟಪ ಹಾಕುವುದು.

ಮನೆ 31, 12:31
ಅದನ್ನು ಮುಟ್ಟುವ ಹಾಗಿಲ್ಲ. 15 ವರ್ಷದ ಜಾಗ.

ಕಿರಾಣಿ ಅಂಗಡಿ, 12:33
ಮಂಟಪ 11 ದಿನ. ಇಳಿಜಾರು ವರ್ಷ ಪೂರ್ತಿ. ಎದುರಿನ ಖಾಲಿ ಸೈಟ್‌ನಲ್ಲಿ ಗಣಪನನ್ನು ಕೂರಿಸಬಹುದು ಅಲ್ವಾ?

ಮನೆ 31, 12:34
ನೀನು ಅಂಗಡಿ ನೋಡಿಕೋ.

ಮನೆ 40, 12:36
ಸರ್, ಹಾಗೆ ಮಾತಾಡಬೇಡಿ. ಆ ಅಣ್ಣ ನಿನ್ನೆ ರಾತ್ರಿ ಎದ್ದು ಬಂದು ಟಾರ್ಚ್ ಹಿಡಿದಿದ್ದರಂತೆ.

ಮನೆ 14, 12:38
ಹೌದು. ನಾನು ಬರೆಯುವುದು ಮರೆತಿದ್ದೆ. ಅಣ್ಣಾ, ನಿಮ್ಮ ಟಾರ್ಚ್ ಇರದಿದ್ದರೆ ನಾಲ್ಕೂ ಜನ ಬಿದ್ದಿರುತ್ತಿದ್ದೆವು.

ಅಡ್ಮಿನ್, 12:50
ಎಲ್ಲರೂ ಸಮಾಧಾನ. ಭಾನುವಾರ ಸಭೆ. ವಿಷಯ: ಅಂಡರ್‌ಪಾಸ್ ಮತ್ತು ಗಣಪತಿ ಮಂಟಪದ ಜಾಗ.

ಮನೆ 53, 12:55
ಗಣಪತಿ ಪಟ್ಟಿ (ಚಂದಾ) ಎಷ್ಟು ಈ ವರ್ಷ? ಹೋದ ವರ್ಷದ ಲೆಕ್ಕ ಇನ್ನೂ ಕೊಟ್ಟಿಲ್ಲ.

ಮನೆ 31, 12:56
ಲೆಕ್ಕ ನನ್ನ ಹತ್ತಿರ ಇದೆ. ಯಾರು ಬೇಕಾದರೂ ಬಂದು ನೋಡಲಿ.

ಮನೆ 53, 12:57
ಗುಂಪಿನಲ್ಲಿ ಹಾಕಿ ಸರ್.

ಮನೆ 9, ಸಂಜೆ 4:20
ಕಳುಹಿಸಿದ್ದು: ಮಳೆಗಾಲದಲ್ಲಿ ಕಷಾಯ ಕುಡಿಯುವುದರಿಂದ 7 ಲಾಭಗಳು

ಮನೆ 22, 5:02
ಇವತ್ತು ನಲ್ಲಿ ನೀರು ಬಿಡಲಿಲ್ಲ. ನಿಮ್ಮ ಕ್ರಾಸ್‌ಗೆ ಬಂತಾ?

ಮನೆ 40, 5:05
ನಮಗೂ ಇಲ್ಲ. ಐದನೇ ದಿನ.

ಮನೆ 31, 5:08
ವಾಲ್ವ್ ತಿರುಗಿಸುವವನದು ಇದು. ನಾನು ಈಗಲೇ ಫೋನ್ ಮಾಡುತ್ತೇನೆ.

ಮನೆ 53, 5:10
ಟ್ಯಾಂಕರ್ ತರಿಸುವುದಾದರೆ ಎರಡು ಕ್ರಾಸ್ ಸೇರಿ ತರಿಸೋಣ.

ಮನೆ 14, ರಾತ್ರಿ 8:47
ಅವ್ವ ಗಂಜಿ ಕುಡಿದಳು. ನಾಳಿದ್ದು ಮನೆಗೆ ಕಳಿಸುತ್ತಾರಂತೆ. ಅಂದು ಮಳೆ ಇದ್ದರೆ ಅದೇ ಮೆಟ್ಟಿಲು. ಭಾನುವಾರದವರೆಗೆ ನಾನು ಕಾಯುವುದಿಲ್ಲ. ನಾಳೆ ಬೆಳಿಗ್ಗೆ 7 ಗಂಟೆಗೆ ಟೇಪ್ ಹಿಡಿದು ಗೇಟ್‌ಮನ್ ಕೋಣೆ ಹತ್ತಿರ ಇರುತ್ತೇನೆ. ಅಳತೆ ಬರೆದು ಅರ್ಜಿಗೆ ಲಗತ್ತಿಸೋಣ. ಯಾರು ಬರುತ್ತೀರಿ?

ಮನೆ 27, 8:55
ಬರುತ್ತೇನೆ ಮಗಾ. ನನ್ನ ಹತ್ತಿರ 100 ಅಡಿ ಟೇಪ್ ಇದೆ.

ಕಿರಾಣಿ ಅಂಗಡಿ, 9:01
7ಕ್ಕೆ ಹಾಲಿನ ಗಾಡಿ ಬರುತ್ತದೆ ಅಕ್ಕಾ, 7:20ಕ್ಕೆ ಬರುತ್ತೇನೆ. 11ನೇ ಮೆಟ್ಟಿಲಿಗೆ ಹಾಕಲು ಅರ್ಧ ಚೀಲ ಸಿಮೆಂಟ್ ಇದೆ.

ಮನೆ 31, 9:04
ಟ್ಯಾಂಕರ್‌ಗೆ ಎಷ್ಟು ಮನೆ? ಹೆಸರು ಹಾಕಿ.

ಮನೆ 22, 9:05
1

ಮನೆ 40, 9:05
1

ಮನೆ 53, 9:07
1, ಬೆಳಿಗ್ಗೆ 7ರ ಒಳಗೆ ಬಂದರೆ ಒಳ್ಳೆಯದು